ಒಂದೇ ದಾಸವಾಳ, ಮೂರು ಲೆನ್ಸ್, ಹಲವು ಕಪ್ಪು-ಬಿಳುಪು

ನಮ್ಮ ಹಿತ್ತಲಿನ ಕೆಂಪು ದಾಸವಾಳವನ್ನು ಮೊದಲ ಸಲ ಕಪ್ಪು-ಬಿಳುಪು ಮಾಡಿದಾಗ ಹೂವೇ ಮಾಯವಾಗಿತ್ತು. ಕಣ್ಣು ಕುಕ್ಕುವ ಕೆಂಪು ಎಸಳು, ಹಿಂದೆ ಕಡು ಹಸಿರು ಎಲೆ. ಫೋನಿನಲ್ಲಿ ಬಣ್ಣವನ್ನು ಪೂರ್ತಿ ತೆಗೆದರೆ ಎರಡೂ ಒಂದೇ ಬೂದು. ಎಸಳು ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಎರಡು ತಿಂಗಳು ಅದೇ ಗಿಡದ ಹೂಗಳನ್ನು ಬೇರೆ ಬೇರೆ ಲೆನ್ಸಿನಲ್ಲಿ ತೆಗೆದು, ಬೇರೆ ಬೇರೆ ಥರ ಎಡಿಟ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಲೆನ್ಸಿಗಿಂತ ಎಡಿಟಿಂಗ್‌ನಲ್ಲೇ ಜಾಸ್ತಿ ವ್ಯತ್ಯಾಸ ಕಂಡಿತು. ಆದರೆ ಎಲ್ಲರೂ ಮೊದಲು ಕೇಳುವುದು ಲೆನ್ಸಿನ ಬಗ್ಗೆ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಫೋನಿನ ಮ್ಯಾಕ್ರೋ ಮೋಡ್‌ನಲ್ಲಿ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಮೋಡ್‌ನಲ್ಲಿ, ಹೂವಿನಿಂದ ಎರಡು ಮೂರು ಸೆಂಟಿಮೀಟರ್ ದೂರಕ್ಕೆ ಹೋಗಬೇಕು. ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಇನ್ನೊಂದು ತೊಂದರೆ ಹಿನ್ನೆಲೆಯದು. ಮ್ಯಾಕ್ರೋಗೆ ಹಲವು ಫೋನುಗಳು ಅಗಲದ ಲೆನ್ಸನ್ನೇ ಬಳಸುತ್ತವೆ, ಹಾಗಾಗಿ ಹಿಂದಿನ ಕಾಂಪೌಂಡು, ಬಟ್ಟೆ ಒಣಗಿಸುವ ಹಗ್ಗ ಎಲ್ಲಾ ಚಿತ್ರದೊಳಗೆ ಬಂದು ಕೂರುತ್ತವೆ. ಬಣ್ಣದ ಫೋಟೋ ಆದರೆ ಕೆಂಪು ಹೂವು ಅದನ್ನು ಮರೆಸುತ್ತದೆ. ಕಪ್ಪು-ಬಿಳುಪಿನಲ್ಲಿ ಆ ಆಸರೆ ಇಲ್ಲ.

ಆಮೇಲೆ ನನ್ನ ಕ್ಯಾಮೆರಾದ 50 ಮಿ.ಮೀ. ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದೆ. ಟ್ಯೂಬ್ ಅಂದರೆ ಖಾಲಿ ಕೊಳವೆ, ಒಳಗೆ ಗಾಜೇ ಇಲ್ಲ. ಲೆನ್ಸನ್ನು ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರಿನಿಂದ ಸ್ವಲ್ಪ ದೂರ ಇಡುತ್ತದೆ, ಅಷ್ಟೇ. ಅದರ ಲೆಕ್ಕವೂ ಸುಲಭ. 20 ಮಿ.ಮೀ. ಟ್ಯೂಬನ್ನು 50ರಿಂದ ಭಾಗಿಸಿದರೆ 0.4, ಅಂದರೆ ಹೂವಿನ ನಿಜವಾದ ಗಾತ್ರದ ಶೇ. 40ರಷ್ಟು ಸೆನ್ಸರ್ ಮೇಲೆ ಬೀಳುತ್ತದೆ. ಬೆಳಕು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕೊಳ್ಳುವಾಗ ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ವಿದ್ಯುತ್ ಸಂಪರ್ಕ ಕೊಡುವ ಚಿನ್ನದ ಬಣ್ಣದ ಪಿನ್ನುಗಳು ಇವೆಯೇ ನೋಡಿ. ನಾನು ಮೊದಲು ತಂದದ್ದರಲ್ಲಿ ಇರಲಿಲ್ಲ. ಆಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು ಬದಲಾಯಿಸಲು ಆಗದೆ, ಹೂವಿನ ಒಂದೇ ಒಂದು ಎಳೆ ಬಿಟ್ಟು ಉಳಿದದ್ದೆಲ್ಲಾ ಮಸುಕಾಯಿತು.

100 ಮಿ.ಮೀ. ಮ್ಯಾಕ್ರೋ ಲೆನ್ಸನ್ನು ಎರಡು ದಿನಕ್ಕೆ ಬಾಡಿಗೆಗೆ ತಂದೆ. ಹೂವಿನಿಂದ ದೂರ ನಿಂತೇ ತೆಗೆಯಬಹುದು, ನೆರಳಿನ ಕಾಟವಿಲ್ಲ, ಹಿನ್ನೆಲೆ ಬೆಣ್ಣೆಯಂತೆ ಕರಗುತ್ತದೆ. ನಿಜವಾದ ಗಾತ್ರದಲ್ಲಿ, ಅಂದರೆ 1:1ರಲ್ಲಿ ತೆಗೆದರೆ ಆಪರ್ಚರನ್ನು ಎಫ್/8ರಷ್ಟು ಚಿಕ್ಕದು ಮಾಡಿದರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಸಣ್ಣ ಗಾಳಿ ಬೀಸಿದರೂ ಮುಗಿಯಿತು. ದಾಸವಾಳದಂಥ ದೊಡ್ಡ ಹೂವಿಗೆ 1:1 ಬೇಕಾಗುವುದೇ ಇಲ್ಲ. ಟ್ಯೂಬಿನ ಫೋಟೋ, ಈ ಲೆನ್ಸಿನ ಫೋಟೋ ಎರಡನ್ನೂ ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿಸಿದೆ. ಯಾವುದು ಯಾವುದು ಅಂತ ನನಗೇ ಹೇಳಲು ಆಗಲಿಲ್ಲ. ನನ್ನ ಓಟು ಟ್ಯೂಬಿಗೆ.

ಇನ್ನು ಎಡಿಟಿಂಗ್. ಆ ಮೊದಲ ಫೋಟೋದಲ್ಲಿ ಹೂವು ಯಾಕೆ ಮಾಯವಾಯಿತು ಅಂತ ಅಂಕಿಗಳಲ್ಲೇ ಹುಡುಕಿದೆ. ಫೋಟೋದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗೆ ಒಂದೊಂದು ಅಂಕಿ ಇರುತ್ತದೆ, ಹೆಚ್ಚಿದಷ್ಟೂ ಬೆಳಕು. ಎಸಳಿನ ಒಂದು ಜಾಗದಲ್ಲಿ ಕೆಂಪು 200, ಹಸಿರು 20, ನೀಲಿ 30 ಇತ್ತು. ಎಲೆಯಲ್ಲಿ 60, 90, 40. ಬೂದು ಮಾಡುವಾಗ ಬಳಕೆಯಲ್ಲಿರುವ ಒಂದು ಸಾಮಾನ್ಯ ಲೆಕ್ಕದಲ್ಲಿ ಕೆಂಪಿನ ಶೇ. 29.9, ಹಸಿರಿನ ಶೇ. 58.7, ನೀಲಿಯ ಶೇ. 11.4 ಸೇರಿಸುತ್ತಾರೆ. ಕೂಡಿಸಿ ನೋಡಿ, ಎಸಳಿಗೂ 75, ಎಲೆಗೂ 75! ಬಣ್ಣ ಸುಮ್ನೆ ತೆಗೆದರೆ ಹೀಗೇ ಆಗುವುದು.

ಎಡಿಟಿಂಗ್ ಆ್ಯಪಿನ ಕೆಂಪು ಫಿಲ್ಟರ್ ಕೆಂಪಿನ ಅಂಕಿಯನ್ನೇ ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದನ್ನು ಹಾಕಿದಾಗ ಎಸಳು 200ರ ಹತ್ತಿರ ಹೋಗಿ ಬೆಳ್ಳಗೆ ಹೊಳೆಯಿತು, ಎಲೆ ಕಪ್ಪಾಯಿತು. ಮೊದಲ ನೋಟಕ್ಕೆ ಬಹಳ ಇಷ್ಟವಾಯಿತು. ಮಾರನೇ ದಿನ ನೋಡಿದರೆ ಏನೋ ಕೊರತೆ. ದಾಸವಾಳದ ನಡುವೆ ಕೋಲಿನಂತೆ ಚಾಚಿರುತ್ತದಲ್ಲ, ಅದರ ಸುತ್ತ ಸಾಸಿವೆ ಕಾಳಿಗಿಂತ ಚಿಕ್ಕ ಹಳದಿ ಪರಾಗದ ಚೀಲಗಳಿರುತ್ತವೆ. ಹಳದಿಯಲ್ಲೂ ಕೆಂಪು ತುಂಬಾ ಇದೆ. ಹಾಗಾಗಿ ಬಿಳಿ ಎಸಳಿನ ಮುಂದೆ ಅವೂ ಬಿಳಿಯಾಗಿ ಕಾಣದೇ ಹೋಗಿದ್ದವು.

ಅದಕ್ಕೇ ಹಸಿರು ಫಿಲ್ಟರ್ ಹಾಕಿ ನೋಡಿದೆ. ಎಸಳು 20ಕ್ಕೆ ಇಳಿದು ಮಸಿಯಾಯಿತು. ಹಳದಿಯಲ್ಲಿ ಹಸಿರೂ ತುಂಬಾ ಇರುವುದರಿಂದ ಪರಾಗದ ಚೀಲಗಳು ಮಾತ್ರ ಕತ್ತಲಲ್ಲಿ ಮಿಣುಕುಹುಳ ಕೂತಂತೆ ಒಂದೊಂದಾಗಿ ಹೊಳೆದವು. ಕೋಲಿನ ತುದಿಯ ಐದು ಪುಟ್ಟ ಉಂಡೆಗಳು ಮಖಮಲ್ಲಿನ ಹಾಗೆ ಕಪ್ಪಗೆ ನಿಂತವು. ಎಸಳಿನ ಮೈಮೇಲಿನ ನಯವಾದ ಹೊಳಪು ಮಾತ್ರ ಉಳಿದು, ಮಡಿಕೆಗಳು ಕಪ್ಪು ರೇಷ್ಮೆ ಸೀರೆಯ ನೆರಿಗೆಯಂತೆ ಕಂಡವು. ಈಗಲೂ ಆ ಫೋಟೋ ತೆರೆದರೆ ಮುಚ್ಚಲು ಮನಸ್ಸು ಬರುವುದಿಲ್ಲ.

ಇದಕ್ಕೆ ದುಡ್ಡು ಕೊಡುವ ಆ್ಯಪ್ ಬೇಕೇಬೇಕು ಅಂತಿಲ್ಲ. ಸ್ನ್ಯಾಪ್‌ಸೀಡ್‌ನ ಕಪ್ಪು-ಬಿಳುಪು ಟೂಲ್‌ನಲ್ಲಿ ಕೆಂಪು, ಹಸಿರು, ನೀಲಿ ಎಲ್ಲಾ ಫಿಲ್ಟರ್ ಇವೆ, ಅದೂ ಉಚಿತ. ಲೈಟ್‌ರೂಮ್‌ನಲ್ಲಿ ಎಂಟು ಬಣ್ಣಗಳಿಗೆ ಎಂಟು ಸ್ಲೈಡರ್ ಇರುವುದರಿಂದ ಎಸಳನ್ನು ಮುಟ್ಟದೆ ಎಲೆಯನ್ನಷ್ಟೇ ಕಪ್ಪಾಗಿಸಬಹುದು. ಜಾಸ್ತಿ ಎಳೆದರೆ ಮಾತ್ರ ಎಸಳಿನ ಅಂಚಿನಲ್ಲಿ ಬಿಳಿ ಗೆರೆ ಬರುತ್ತದೆ, ಮರಳು ಚೆಲ್ಲಿದ ಹಾಗೆ ನಾಯ್ಸ್ ಏಳುತ್ತದೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಡಾರ್ಕ್‌ಟೇಬಲ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಉಚಿತ, ಕಲಿಯಲು ತಾಳ್ಮೆ ಬೇಕು. ಕ್ಯಾಮೆರಾದ ಮೊನೊಕ್ರೋಮ್ ಮೋಡ್ ಬಗ್ಗೆ ಒಂದು ಮಾತು: ಅದನ್ನು ಆನ್ ಮಾಡಿ, ಜೊತೆಗೆ ರಾ ಫೈಲನ್ನೂ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟುಕೊಳ್ಳುವ ಫೈಲನ್ನೂ, ಉಳಿಸಿಕೊಳ್ಳಿ. ಪರದೆಯಲ್ಲಿ ಕಪ್ಪು-ಬಿಳುಪೇ ಕಾಣುತ್ತದೆ, ಆದರೆ ರಾ ಫೈಲಿನಲ್ಲಿ ಬಣ್ಣವೆಲ್ಲಾ ಹಾಗೇ ಇರುತ್ತದೆ. ಬರೀ ಜೆಪೆಗ್ ಉಳಿಸಿಕೊಂಡರೆ ಆಮೇಲೆ ಫಿಲ್ಟರ್ ಬದಲಾಯಿಸಲು ಬಣ್ಣವೇ ಇರುವುದಿಲ್ಲ. ಕೆಂಪು ಹೂವಿಗೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿ. ಇಲ್ಲದಿದ್ದರೆ ಫೋಟೋ ಸರಿಯಾಗಿದೆ ಅನಿಸಿದರೂ ಕೆಂಪು ಒಂದೇ ಉಕ್ಕಿಹೋಗಿ, ಎಸಳಿನ ಗೆರೆಗಳು ಅಳಿಸಿರುತ್ತವೆ.

ನಂದಿಬಟ್ಟಲಿನ ಕಥೆ ಬೇರೆ. ಬಿಳಿ ಹೂವಿಗೆ ಯಾವ ಫಿಲ್ಟರ್ ಹಾಕಿದರೂ ಬಿಳಿಯೇ, ಅಲ್ವಾ? ಅಲ್ಲಿ ಕೆಲಸ ಮಾಡುವುದು ಬೆಳಕು. ಬಿಸಿಲಿಗಿಂತ ಕಿಟಕಿ ಬೆಳಕು ನೂರು ಪಾಲು ವಾಸಿ. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ, ಹೂವಿನ ಹಿಂದೆ ಕರಿ ಕೊಡೆ ಬಿಚ್ಚಿಟ್ಟೆ. ಎಸಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬಿಳಿ ನಿಧಾನವಾಗಿ ಬೂದಿಗೆ ತಿರುಗುವುದು ಆಗಲೇ ಕಂಡದ್ದು. ಅಮೆರಿಕದ ಫೋಟೋಗ್ರಾಫರ್ ಇಮೊಜೆನ್ ಕನಿಂಗ್‌ಹ್ಯಾಮ್ 1925ರಲ್ಲಿ ತೆಗೆದ ಮ್ಯಾಗ್ನೋಲಿಯಾ ಹೂವಿನ ಚಿತ್ರವನ್ನು ಒಮ್ಮೆ ನೋಡಿ. ನಮ್ಮ ಸಂಪಿಗೆಯ ಕುಲದ್ದೇ ಹೂವು ಅದು. ಮಕ್ಕಳು ಚಿಕ್ಕವರಿದ್ದ ಆ ವರ್ಷಗಳಲ್ಲಿ ಆಕೆ ತಮ್ಮ ಮನೆಯಂಗಳದ ಗಿಡಗಳನ್ನೇ ಫೋಟೋ ತೆಗೆಯುತ್ತಿದ್ದರು.

ಈ ವಾರ ಬೇಲಿಯ ಶಂಖಪುಷ್ಪ ಅರಳಿದೆ. ದಾಸವಾಳದ ಲೆಕ್ಕ ಅಲ್ಲಿ ತಿರುಗುಮುರುಗು. ನೀಲಿ ಫಿಲ್ಟರ್ ಹಾಕಿದರೆ ಎಸಳು ಪೇಲವವಾಗಿ ನಡುವಿನ ಬಿಳಿಯೊಳಗೆ ಕರಗುತ್ತದೆ. ಕೆಂಪು ಹಾಕಿದರೆ ಎಸಳು ಕಾಡಿಗೆಯಷ್ಟು ಕಪ್ಪು, ನಡುವಿನ ಬಿಳಿ ದೀಪದ ಕುಡಿಯ ಹಾಗೆ.