ಯೋಗದ ಕುರ್ಚಿ: ಎರಡು ವರ್ಷ ಬಳಸಿದ ಮೇಲೆ

ಒರಗು ಇಲ್ಲದ ಕಬ್ಬಿಣದ ಕುರ್ಚಿಗೆ ಎರಡೂವರೆ ಸಾವಿರದ ಹತ್ತಿರ ಕೊಟ್ಟೆ ಅಂದಾಗ ನಮ್ಮ ಮನೆಯವರು ಕೇಳಿದ್ದು ಒಂದೇ ಮಾತು: "ರೀ, ಮುರಿದ ಕುರ್ಚಿಗೆ ದುಡ್ಡು ಕೊಟ್ಟು ತಂದ್ರಾ?" ನೋಡೋಕೆ ಹಾಗೇ ಇದೆ. ಮದುವೆ ಛತ್ರದ ಮಡಚುವ ಕುರ್ಚಿಯ ಬೆನ್ನಿನ ತಗಡು ಕಿತ್ತುಬಿಟ್ಟರೆ ಏನು ಉಳಿಯುತ್ತೋ ಅದೇ. ಅಳತೆ, ತೂಕ ಎಲ್ಲಾ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ನೋಡಿಕೊಳ್ಳಿ. ಅರವತ್ತು ದಾಟಿದ ಮೇಲೆ ಯೋಗ ಶುರು ಮಾಡುವವರು ಮ್ಯಾಟ್‌ಗಿಂತ ಮೊದಲು ಇದನ್ನು ತಗೋಬೇಕು ಅನ್ನೋದು ನನ್ನ ಅಭಿಪ್ರಾಯ.

ನಾನು ಮೈಸೂರಿನವನೇ. ಗೋಕುಲಂ ಕಡೆ ಹೋದರೆ ಮ್ಯಾಟ್ ಹೆಗಲಿಗೆ ಹಾಕಿಕೊಂಡು ಸ್ಕೂಟರ್‌ನಲ್ಲಿ ಓಡಾಡುವ ಫಾರಿನ್‌ನವರು ಕಾಣಿಸುತ್ತಾರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯೋಕೆ ಬಂದವರು. ಆ ಹಾರೋದು, ಜಿಗಿಯೋದು ನನ್ನ ಮಂಡಿಗೆ ಆಗಿಬರಲ್ಲ. ಜೋಯಿಸರಿಗೆ ಕಲಿಸಿದ ಕೃಷ್ಣಮಾಚಾರ್ಯರ ಹತ್ತಿರವೇ, ಇದೇ ಊರಲ್ಲಿ ಕಲಿತ ಇನ್ನೊಬ್ಬರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕಾಯಿಲೆ ಮೇಲೆ ಕಾಯಿಲೆ ಬಿದ್ದು ಸೊರಗಿಹೋಗಿದ್ದರಂತೆ. ಮುಂದೆ ಪುಣೆಯಲ್ಲಿ ನೆಲೆಸಿ ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ದಿಂಬು, ಹಗ್ಗ ಎಲ್ಲವನ್ನೂ ಯೋಗಕ್ಕೆ ತಂದರು. ಕೈ ನೆಲ ಮುಟ್ಟಲ್ವಾ? ಹಾಗಾದರೆ ನೆಲವನ್ನೇ ಸ್ವಲ್ಪ ಮೇಲೆತ್ತಿ ಕೊಡೋಣ ಅನ್ನೋ ಲೆಕ್ಕಾಚಾರ. ಬೆಲ್ಜಿಯಂನ ರಾಣಿ ಎಲಿಜಬೆತ್‌ಗೆ 80 ದಾಟಿದ ಮೇಲೆ ಶೀರ್ಷಾಸನ ಹೇಳಿಕೊಟ್ಟವರೂ ಇವರೇ.

ನನಗೆ ಆ ಯೋಗ ಇಲ್ಲ ಬಿಡಿ. ಗ್ಲಾಕೋಮಾ ಇದೆ, ದಿನಾ ಕಣ್ಣಿಗೆ ಡ್ರಾಪ್ಸ್. ತಲೆ ಕೆಳಗೆ ಮಾಡಿದರೆ ಕಣ್ಣೊಳಗಿನ ಒತ್ತಡ ಏರುತ್ತದೆ, ಶೀರ್ಷಾಸನ, ಸರ್ವಾಂಗಾಸನದ ತಂಟೆಗೇ ಹೋಗಬೇಡಿ ಅಂದಿದ್ದಾರೆ ಡಾಕ್ಟರು.

ಬೆಳಿಗ್ಗೆ ಹಾಲು ಬಂದ ಕೂಡಲೇ ನನ್ನ ಕೆಲಸ ಶುರು. ಫಿಲ್ಟರ್‌ಗೆ ಪುಡಿ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿ ಬರುತ್ತೇನೆ. ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡುತ್ತೇನೆ. ಧನುರ್ಮಾಸದಲ್ಲಿ ತಗಡು ಎಷ್ಟು ತಣ್ಣಗಿರುತ್ತದೆ ಅಂದರೆ ಕೂತವನು ಎದ್ದೇಬಿಡಬೇಕು, ಅದಕ್ಕೆ ಹಳೇ ಜಮಖಾನೆ ನಾಲ್ಕು ಮಡಿಕೆ ಹಾಸುತ್ತೇನೆ. ಅಡ್ಡ ಕೂತು, ಒರಗಿನ ಕಂಬಿ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿದರೆ ಭರದ್ವಾಜಾಸನ. ಬೆನ್ನಿನ ಒಂದೊಂದೇ ಮಣಿ ಬಿಚ್ಚಿಕೊಳ್ಳೋದು ಗೊತ್ತಾಗುತ್ತದೆ. ಆಮೇಲೆ ಒಂದು ಕೈಯಲ್ಲಿ ಕಂಬಿ ಹಿಡಿದು, ಒಂಟಿ ಕಾಲಲ್ಲಿ ನಿಂತು ವೃಕ್ಷಾಸನ. ಕೊನೆಗೆ ನೆಲದ ಮೇಲೆ ಮಲಗಿ, ಮೀನಖಂಡ ಎರಡನ್ನೂ ಕುರ್ಚಿ ಮೇಲಿಟ್ಟು ಶವಾಸನ. ಸೊಂಟ ಪೂರ್ತಿ ನೆಲಕ್ಕೆ ಅಂಟುತ್ತದೆ. ಈ ಸುಖ ಮಾತ್ರ ಮಾಡಿಯೇ ನೋಡಬೇಕು. "ರೀ, ಡಿಕಾಕ್ಷನ್ ಇಳೀತು" ಅಂತ ಒಳಗಿಂದ ಕೂಗು ಬರೋವರೆಗೂ ನಾನು ಏಳಲ್ಲ.

ಲಾಭ ಏನು? ನೆಲದಿಂದ ಏಳೋಕೆ ಈಗ ಯಾರ ಕೈಯೂ ಬೇಡ. ಕಾಲಿನ ಉಗುರು ಕತ್ತರಿಸಿಕೊಳ್ಳೋಕೆ ಏದುಸಿರು ಬರಲ್ಲ. ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಒಂದು ಸಣ್ಣ ವಿಷಯ: ಮಂಚ ಹಿಡಿಯದೆ, ಒಂಟಿ ಕಾಲಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳುತ್ತೇನೆ. ನಗಬೇಡಿ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಏನಾಗುತ್ತದೆ ಅಂತ ಎಲ್ಲರ ಮನೆಯಲ್ಲೂ ನೋಡಿರುತ್ತೀರಿ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬ್ಯಾಲೆನ್ಸ್ ಮತ್ತು ಬಲ ಕೊಡುವ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದಕ್ಕೇ. ಶುಗರ್ ಮಾತ್ರೆ ಕಮ್ಮಿ ಆಗಿಲ್ಲ. ರಾತ್ರಿ ಎರಡು ಸಲ ಬಾತ್‌ರೂಮಿಗೆ ಏಳೋದೂ ತಪ್ಪಿಲ್ಲ.

ಈ ಕುರ್ಚಿಯ ಪರಿಚಯ ಮಾಡಿಸಿದ ಕ್ಲಾಸಿಗೂ ಮಾರ್ಕ್ಸ್ ಕೊಡಬೇಕಲ್ವಾ? ಮೊದಲ ವರ್ಷ ಚೆನ್ನಾಗಿತ್ತು. ಮೇಡಂ ಪ್ರತಿಯೊಬ್ಬರ ಬಿ.ಪಿ., ಮಂಡಿ, ಆಪರೇಷನ್ ಎಲ್ಲಾ ಕೇಳಿ ಬರೆದುಕೊಂಡಿದ್ದರು. ಅವರು ಬಿಟ್ಟುಹೋದ ಮೇಲೆ ಬಂದ ಹುಡುಗ ಆ ಪುಸ್ತಕ ತೆರೆದೇ ನೋಡಲಿಲ್ಲ. ಕುರ್ಚಿಗಳೆಲ್ಲ ಮೂಲೆ ಸೇರಿದವು. ರಥಸಪ್ತಮಿಗೆ 108 ಸೂರ್ಯನಮಸ್ಕಾರ, ಎಲ್ಲರೂ ಮಾಡಲೇಬೇಕು ಅಂತ ಹಟ. ನಾನು ಮಧ್ಯದಲ್ಲಿ ನಿಲ್ಲಿಸಿದರೆ, "ಅಂಕಲ್, ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ" ಅಂದ. ಮನಸ್ಸು ಮಾಡಿದ್ದಕ್ಕೇ ಮಂಡಿ ಊದಿಕೊಂಡಿದ್ದಪ್ಪ! ಅದನ್ನಾದರೂ ಸಹಿಸಬಹುದಿತ್ತು. ವಾಟ್ಸಾಪ್ ಗ್ರೂಪಿನಲ್ಲಿ 'ಯೋಗ ಮಾಡುವವರಿಗೆ ಶುಗರ್ ಮಾತ್ರೆ ಯಾಕೆ' ಅಂತ ಶುರು ಮಾಡಿದರು. ನಮ್ಮ ಬ್ಯಾಚಿನಲ್ಲಿ ಎಂಬತ್ತರ ಹತ್ತಿರದವರೂ ಇದ್ದರು. ಅವರಲ್ಲಿ ಯಾರಾದರೂ ನಂಬಿ ಮಾತ್ರೆ ಬಿಟ್ಟಿದ್ದರೆ? ಅವತ್ತೇ ಗ್ರೂಪಿಂದ ಹೊರಗೆ ಬಂದೆ. ಕಟ್ಟಿದ್ದ ಫೀಸು ವಾಪಸ್ ಬರಲಿಲ್ಲ, ನಾನೂ ಕೇಳಲಿಲ್ಲ. ಕ್ಲಾಸ್ ಹುಡುಕುವವರು ಮೊದಲು ನೋಡಬೇಕಾದ್ದು ಎ.ಸಿ. ಹಾಲ್ ಅಲ್ಲ. ನೀವು ಯಾವ ಮಾತ್ರೆ ತಗೋತೀರಿ ಅಂತ ಕೇಳುತ್ತಾರಾ ನೋಡಿ. ಮೂಳೆ ಟೊಳ್ಳಾದವರಿಗೆ (ಆಸ್ಟಿಯೋಪೊರೋಸಿಸ್) ಬೆನ್ನು ಗೂನು ಮಾಡಿ ಮುಂದಕ್ಕೆ ಬಗ್ಗಿಸುತ್ತಾರಾ ನೋಡಿ. ಬಗ್ಗಿಸಿದರೆ ವಾಪಸ್ ಬನ್ನಿ.

ಕುರ್ಚಿ ವಿಷಯಕ್ಕೆ ಬರೋಣ. ಕೈ ಹಿಡಿಯುವ ಜಾಗದಲ್ಲಿ ಬಣ್ಣ ಹೋಗಿ ತುಕ್ಕು ಕಾಣಿಸಿದೆ. ಮಡಚುವಾಗ ಕಿರ್ ಅನ್ನುತ್ತಿತ್ತು, ಎರಡು ಹನಿ ಎಣ್ಣೆ ಬಿಟ್ಟ ಮೇಲೆ ಸುಮ್ಮನಾಯಿತು. ಮಳೆಗಾಲದಲ್ಲಿ ನಮ್ಮ ಮನೆಯವರು ಅದರ ಮೇಲೆ ಟವೆಲ್ ಒಣಹಾಕುತ್ತಾರೆ, ಆಸನ ಹಾಕಬೇಕು ಅಂದರೆ ಮೊದಲು ಟವೆಲ್ ತೆಗೆಯಬೇಕು.

ನಿಜವಾದ ತೊಂದರೆ ಕಾಲಿನ ರಬ್ಬರ್ ಬುಷ್. ವರ್ಷದೊಳಗೆ ಸವೆದು ಕಬ್ಬಿಣ ಹೊರಗೆ ಬಂತು. ನಮ್ಮ ರೆಡಾಕ್ಸೈಡ್ ನೆಲದ ಮೇಲೆ ಎರಡು ಗೀರು ಬಿದ್ದಿದೆ. ಟೈಲ್ಸ್ ಆದರೆ ಕುರ್ಚಿಯೇ ಜಾರಬಹುದು, ಅದು ಅಪಾಯ. ಇಷ್ಟು ದುಡ್ಡು ತಗೊಂಡವರು ಜೊತೆಗೆ ನಾಲ್ಕು ಬುಷ್ ಜಾಸ್ತಿ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಹಳೆಯದನ್ನು ಕಿತ್ತು ಅಳತೆಗೆ ತಗೊಂಡು ಹೋಗಿ, ಎಂಟು ತಂದಿಟ್ಟುಕೊಳ್ಳಿ.