ಗಿರಣಿ ಅಜ್ಜನ ಮೂಲ ಹುಡುಕಲು ಯಾವ ದಾರಿ ವಾಸಿ?

ನಮ್ಮತ್ತೆಯ ಅಜ್ಜ ಕೆನಡಾದ ಫ್ರೆಂಚ್ ಮಾತಾಡುವ ಪ್ರಾಂತ ಕ್ವಿಬೆಕ್‌ನಿಂದ ಬಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಮ್ಯಾಂಚೆಸ್ಟರಿನಲ್ಲಿ ಅಮೋಸ್ಕೆಗ್ ಬಟ್ಟೆ ಗಿರಣಿ ಸೇರಿದವರು. 1840ರಿಂದ 1930ರ ನಡುವೆ ಹೀಗೆ ಸುಮಾರು 9 ಲಕ್ಷ ಜನ ಕ್ವಿಬೆಕ್ ಬಿಟ್ಟು ಅಮೆರಿಕಕ್ಕೆ ಬಂದರು. ಊರಲ್ಲಿ ಹೊಲ ಸಾಲದು, ಸಾಲ ಜಾಸ್ತಿ. ರೈಲು ಹತ್ತಿದರೆ ಲೋವೆಲ್, ವೂನ್‌ಸಾಕೆಟ್, ಲೂಯಿಸ್ಟನ್‌ನಂಥ ಗಿರಣಿ ಊರುಗಳು. ಅಮೋಸ್ಕೆಗ್ ಒಂದರಲ್ಲೇ ಅದರ ಉಚ್ಛ್ರಾಯದಲ್ಲಿ ಸುಮಾರು 17,000 ಜನ ದುಡಿಯುತ್ತಿದ್ದರು.

ಅಜ್ಜ ಕ್ವಿಬೆಕ್‌ನ ಯಾವ ಹಳ್ಳಿಯವರು ಅಂತ ಅತ್ತೆಗೆ ಗೊತ್ತಿರಲಿಲ್ಲ. ಅದನ್ನು ಹುಡುಕಲು ನಾವಿಬ್ಬರೂ ಕೂತು ನಾಲ್ಕು ದಾರಿ ನೋಡಿದೆವು: ವರ್ಷಕ್ಕೆ ಇಷ್ಟು ಅಂತ ಹಣ ಕಟ್ಟುವ ದೊಡ್ಡ ವೆಬ್‌ಸೈಟ್, ಉಚಿತವಾದ ಫ್ಯಾಮಿಲಿಸರ್ಚ್ ವೆಬ್‌ಸೈಟ್, ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಿಆರ್‌ಡಿಎಚ್ ಅನ್ನುವ ಹಳೆಯ ಚರ್ಚ್ ದಾಖಲೆಗಳ ಸಂಗ್ರಹ, ಮತ್ತು ಮ್ಯಾಂಚೆಸ್ಟರಿನಲ್ಲೇ ಇರುವ ಅಮೆರಿಕನ್-ಕೆನಡಿಯನ್ ವಂಶಾವಳಿ ಸಂಘದ ಲೈಬ್ರರಿ. ಗೆದ್ದದ್ದು ಲೈಬ್ರರಿ. ಯಾಕೆ ಅಂತ ಹೇಳುತ್ತೇನೆ.

ಈ ಹುಡುಕಾಟದ ಬೀಗದ ಕೈ ಮದುವೆ ದಾಖಲೆ. ಫ್ರೆಂಚ್ ಪಾದ್ರಿಗಳು ಮದುವೆ ಬರೆಯುವಾಗ ಗಂಡು ಹೆಣ್ಣು ಇಬ್ಬರ ಅಪ್ಪ ಅಮ್ಮಂದಿರ ಹೆಸರನ್ನೂ ಬರೆಯುತ್ತಿದ್ದರು, ಅಮ್ಮಂದಿರದು ತವರಿನ ಹೆಸರಿನಲ್ಲೇ. ಒಂದು ಮದುವೆ ಸಿಕ್ಕರೆ ಒಂದು ತಲೆಮಾರು ಮೇಲಕ್ಕೆ ಹತ್ತಿದ ಹಾಗೆ. ನಾಮಕರಣದ ದಾಖಲೆ ಅಷ್ಟು ಸುಲಭವಲ್ಲ. ಗಂಡು ಮಗುವಾದರೆ ಮೊದಲ ಹೆಸರು ಜೋಸೆಫ್, ಹೆಣ್ಣಾದರೆ ಮರೀ. ಒಂದೇ ಮನೆಯಲ್ಲಿ ಐದು ಜೋಸೆಫ್ ಇದ್ದರೆ ನಮ್ಮವನು ಯಾರು ಅಂತ ಹೇಳುವುದು ಹೇಗೆ?

ಹಣ ಕಟ್ಟುವ ವೆಬ್‌ಸೈಟು ಅಮೆರಿಕದ ಕಡೆಗೆ ನಿಜಕ್ಕೂ ಒಳ್ಳೆಯದು. 1900ರ ಜನಗಣತಿ ಅಲ್ಲೇ ಸಿಕ್ಕಿತು. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷ, ದೇಶಕ್ಕೆ ಬಂದ ವರ್ಷ ಎರಡೂ ಇವೆ. 1890ರ ಗಣತಿಯ ಬಹುಪಾಲು 1921ರ ಬೆಂಕಿಯಿಂದಾಗಿ ಉಳಿದಿಲ್ಲ. ಆ ಜಾಗವನ್ನು ಊರಿನ ಹಳೆಯ ಡೈರೆಕ್ಟರಿಗಳು ತುಂಬುತ್ತವೆ: ಹೆಸರು, ಕೆಲಸ, ಮನೆ ಇದ್ದ ಬೀದಿ, ವರ್ಷದಿಂದ ವರ್ಷಕ್ಕೆ. ಆದರೆ ಗಡಿ ದಾಟಿದವರ ಪಟ್ಟಿಯಿಂದ ನಮಗೆ ಉಪಯೋಗವಾಗಲಿಲ್ಲ. ಕೆನಡಾ ಗಡಿಯ ಪಟ್ಟಿಗಳು ಶುರುವಾಗುವುದೇ 1895ರಲ್ಲಿ. ಅಜ್ಜ ಅದಕ್ಕೂ ಮೊದಲೇ ಬಂದವರು.

ದೊಡ್ಡ ತೊಡಕು ಮನೆತನದ ಹೆಸರು. ಅತ್ತೆಯ ತವರಿನವರು ಗ್ರೀನ್‌ವುಡ್. ಗಿರಣಿ ಊರುಗಳಲ್ಲಿ ಫ್ರೆಂಚ್ ಹೆಸರುಗಳು ಇಂಗ್ಲಿಷಿಗೆ ಅನುವಾದವಾದವು: ಬ್ವಾವೇರ್ ಗ್ರೀನ್‌ವುಡ್ ಆಯಿತು, ರ್ವಾ ಕಿಂಗ್ ಆಯಿತು, ಲಬ್ಲಾಂ ವೈಟ್ ಆಯಿತು. ಕ್ವಿಬೆಕ್ ದಾಖಲೆಗಳಲ್ಲಿ ಗ್ರೀನ್‌ವುಡ್ ಅಂತ ಟೈಪ್ ಮಾಡಿದರೆ ಕಂಪ್ಯೂಟರ್ ಇಂಗ್ಲಿಷ್ ಮನೆತನಗಳನ್ನೇ ತಂದು ಸುರಿಯುತ್ತದೆ, ಅಲ್ವಾ? ಅದರ ತಪ್ಪೇನಿಲ್ಲ.

ಸಂಘದ ಲೈಬ್ರರಿಯಲ್ಲಿ ಫ್ರೆಂಚ್ ಚರ್ಚುಗಳ ಮದುವೆಗಳನ್ನು ಅಕಾರಾದಿಯಾಗಿ ಜೋಡಿಸಿದ ಪುಸ್ತಕಗಳಿವೆ. ಮ್ಯಾಂಚೆಸ್ಟರಿನಲ್ಲಿ 1871ರಲ್ಲಿ ಸೇಂಟ್ ಆಗಸ್ಟೀನ್, 1880ರಲ್ಲಿ ಸೇಂಟ್ ಮರೀ ಚರ್ಚ್ ಸಮುದಾಯಗಳು ಶುರುವಾದವು. ಗಿರಣಿಯ ಗುಮಾಸ್ತ ಹೆಸರನ್ನು ಹೇಗೆ ಬರೆದುಕೊಂಡರೂ ಚರ್ಚಿನ ಪಾದ್ರಿ ಫ್ರೆಂಚರೇ. ಅವರು ಬ್ವಾವೇರ್ ಅಂತಲೇ ಬರೆದರು. ಪುಸ್ತಕದಲ್ಲಿ ಒಂದೇ ಸಾಲು: ಗಂಡಿನ ಹೆಸರು, ಅವನ ಅಪ್ಪ ಅಮ್ಮ, ಹೆಣ್ಣಿನ ಹೆಸರು, ಅವಳ ಅಪ್ಪ ಅಮ್ಮ. ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟು ತಮ್ಮ ಮುತ್ತಜ್ಜಿಯ ತವರಿನ ಹೆಸರನ್ನು ಮೊದಲ ಸಲ ಓದಿದರು. ಅಮೆರಿಕದ ಕಾಗದಪತ್ರಗಳಲ್ಲಿ ಆಕೆ ಗಂಡನ ಹೆಸರಿನವಳಾಗಿ ಮಾತ್ರ ಉಳಿದಿದ್ದಳು. ಅಲ್ಲಿನ ಹಿರಿಯ ಸ್ವಯಂಸೇವಕರು ಹೆಸರು ಕೇಳಿದ ಕೂಡಲೇ "ಗ್ರೀನ್‌ವುಡ್ ಬಿಡಿ, ಬ್ವಾವೇರ್ ನೋಡಿ" ಅಂದಿದ್ದರು. ಆ ಒಂದು ಮಾತಿಗೇ ಅಲ್ಲಿಗೆ ಹೋದದ್ದು ಸಾರ್ಥಕ.

ಆಮೇಲೆ ಪಿಆರ್‌ಡಿಎಚ್ ತನ್ನ ಶಕ್ತಿ ತೋರಿಸಿತು. 1966ರಲ್ಲಿ ಶುರುವಾದ ಈ ಯೋಜನೆ 1621ರಿಂದ ಹಿಡಿದು ಕ್ವಿಬೆಕ್‌ನ ಕ್ಯಾಥೊಲಿಕ್ ಚರ್ಚ್ ದಾಖಲೆಗಳನ್ನು ಜೋಡಿಸಿ ಒಂದೊಂದು ಸಂಸಾರಕ್ಕೂ ಒಂದು ಹಾಳೆ ಮಾಡಿದೆ. ಬೇರೆ ಬೇರೆ ಕಾಗುಣಿತಗಳನ್ನು ಒಂದೇ ಹೆಸರಿನ ಕೆಳಗೆ ತಂದಿದೆ. ಒಂದು ಹಾಳೆಯಿಂದ ಅಪ್ಪನ ಹಾಳೆಗೆ, ಅಲ್ಲಿಂದ ಅಜ್ಜನ ಹಾಳೆಗೆ ಹೋಗುತ್ತಾ 17ನೇ ಶತಮಾನ ಮುಟ್ಟಬಹುದು. ಅಲ್ಲಿ 1663ರಿಂದ 1673ರ ನಡುವೆ ಫ್ರಾನ್ಸಿನ ರಾಜ ವಸಾಹತಿಗೆ ಕಳಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರಾದರೂ ಎದುರಾಗುವ ಸಾಧ್ಯತೆ ಹೆಚ್ಚು. ಹಣ ಕೊಡಬೇಕು ನಿಜ, ಆದರೆ ಅದು ನೋಡುವ ದಾಖಲೆಗಳ ಲೆಕ್ಕಕ್ಕೆ. ಇದರ ಜೋಡಣೆ 19ನೇ ಶತಮಾನದ ನಡುಭಾಗದವರೆಗಿನದು. ಗಿರಣಿಗೆ ಬಂದವರ ಅಪ್ಪ ಅಮ್ಮ ಗೊತ್ತಾಗುವ ತನಕ ಇದಕ್ಕೆ ದುಡ್ಡು ಹಾಕಬೇಡಿ.

ಫ್ಯಾಮಿಲಿಸರ್ಚ್ ಇವೆಲ್ಲಕ್ಕೂ ಜೊತೆಗಾರ. ಖಾತೆ ತೆರೆದರೆ ಸಾಕು, ಹಳ್ಳಿ ಚರ್ಚಿನ ರಿಜಿಸ್ಟರಿನ ಪುಟವನ್ನೇ ನೋಡಬಹುದು. ನನಗೆ ಫ್ರೆಂಚ್ ಬರುವುದಿಲ್ಲ. ಆದರೂ ಓದಿದೆ, ಯಾಕೆಂದರೆ ಪಾದ್ರಿಗಳು ಬರೆಯುವ ವಾಕ್ಯ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಅಂಚಿನಲ್ಲಿ ಬಿ ಇದ್ದರೆ ನಾಮಕರಣ, ಎಂ ಇದ್ದರೆ ಮದುವೆ, ಎಸ್ ಇದ್ದರೆ ಮಣ್ಣು. ತಾರೀಖು ಅಕ್ಷರಗಳಲ್ಲಿ. ಕೊನೆಯಲ್ಲಿ ಯಾರಿಗೆ ಸಹಿ ಬರುವುದಿಲ್ಲ ಅನ್ನುವುದೂ ಇರುತ್ತದೆ. ಅಜ್ಜನ ಅಪ್ಪ ಅಮ್ಮನ ಮದುವೆಯ ಪುಟದಲ್ಲಿ ಇಬ್ಬರಿಗೂ ಸಹಿ ಬರುವುದಿಲ್ಲ ಅಂತ ಪಾದ್ರಿ ಬರೆದಿದ್ದಾರೆ. ಇದು ಯಾವ ಸೂಚಿಯಲ್ಲೂ ಸಿಗದ ಮಾಹಿತಿ. ಪಿಆರ್‌ಡಿಎಚ್ ಹಾಳೆ ಎಷ್ಟೇ ಚೆನ್ನಾಗಿರಲಿ, ಮೂಲ ಪುಟ ನೋಡದೆ ನಾನು ಯಾವ ಹೆಸರನ್ನೂ ವಂಶವೃಕ್ಷಕ್ಕೆ ಸೇರಿಸುವುದಿಲ್ಲ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಫ್ಯಾಮಿಲಿಸರ್ಚ್‌ನಿಂದ ಶುರು ಮಾಡಿ, ಆಮೇಲೆ ಸಂಘದ ಲೈಬ್ರರಿಗೆ ಹೋಗಿ. ನಿಮ್ಮವರು ರೋಡ್ ಐಲೆಂಡ್ ಕಡೆಯವರಾದರೆ ವೂನ್‌ಸಾಕೆಟ್‌ನಲ್ಲಿರುವ ಅಮೆರಿಕನ್-ಫ್ರೆಂಚ್ ವಂಶಾವಳಿ ಸಂಘ ಹತ್ತಿರ. ಸುಮ್ನೆ ವರ್ಷದ ಚಂದಾ ಕಟ್ಟಿ ಕೂರುವುದಕ್ಕಿಂತ ಅದು ಎಷ್ಟೋ ಮೇಲು. ಅತ್ತೆ ಈಗ ಮುತ್ತಜ್ಜಿಯ ತವರಿನ ಕಡೆ ಹುಡುಕುತ್ತಿದ್ದಾರೆ. ಮುತ್ತಜ್ಜಿಯ ಅಪ್ಪ ಅಮ್ಮನ ಮದುವೆ ಪುಟ ಇನ್ನೂ ಸಿಗಬೇಕು.