ಮರಿ ಮಾಡಿಸುವ ಆತುರದಲ್ಲಿ ನಾನು ಕಳೆದುಕೊಂಡ ಗೌರಾಮಿಗಳು

ಡ್ವಾರ್ಫ್ ಗೌರಾಮಿ ಎಂಬ ಪುಟ್ಟ ಅಕ್ವೇರಿಯಂ ಮೀನಿನ ಜೋಡಿ ತಂದು ಮರಿ ಮಾಡಿಸಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎರಡು ತಿಂಗಳೊಳಗೆ ನಮ್ಮ ಮನೆಯಲ್ಲಿ ನಾಲ್ಕು ದೊಡ್ಡ ಮೀನು ಸತ್ತವು. ಅದರಲ್ಲಿ ಎರಡು ಮೀನು ಮೂರು ವರ್ಷದಿಂದ ಆರಾಮಾಗಿದ್ದ ಪರ್ಲ್ ಗೌರಾಮಿಗಳು. ಮರಿಗಳ ಲೆಕ್ಕ ಬೇರೆ.

ನವೆಂಬರ್‌ನಲ್ಲಿ ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಪೌಡರ್ ಬ್ಲೂ ಎಂಬ ತಿಳಿನೀಲಿ ಬಣ್ಣದ ಡ್ವಾರ್ಫ್ ಗೌರಾಮಿ ಗಂಡಿನ ಜೊತೆ ಒಂದು ಹೆಣ್ಣೂ ಕಾಣಿಸಿತು. ಹೆಣ್ಣು ಸಿಗುವುದೇ ಅಪರೂಪ. ಅದು ಬೂದು ಬೆಳ್ಳಿ ಬಣ್ಣದ್ದು, ನೋಡೋಕೆ ಸಪ್ಪೆ, ಹಾಗಾಗಿ ಅಂಗಡಿಯವರು ಜಾಸ್ತಿ ಗಂಡನ್ನೇ ತರಿಸುತ್ತಾರೆ. "ನಿನ್ನೆ ತಾನೇ ಬಂದ ಮಾಲು ಸಾರ್. ಗಟ್ಟಿ ಮೀನು, ಗಾಳಿ ಕುಡಿದು ಬದುಕುತ್ತೆ, ಏನೂ ಆಗಲ್ಲ" ಅಂದರು. ಗಾಳಿ ಕುಡಿಯುವುದು ನಿಜ. ತಲೆಯೊಳಗೆ ಕಿವಿರಿನ ಮೇಲೆ ಅದಕ್ಕೆ ಇನ್ನೊಂದು ಉಸಿರಾಟದ ಅಂಗ ಇದೆ. ಆದರೆ ಅದರಿಂದ ಕಾಯಿಲೆ ತಡೆಯಲು ಆಗುವುದಿಲ್ಲ. ಇದನ್ನು ಆಗ ನಾನು ಯೋಚಿಸಲೇ ಇಲ್ಲ.

ಎರಡಡಿ ಟ್ಯಾಂಕಿಗೆ ಏಳು ಇಂಚು ನೀರು ಹಾಕಿದೆ. ಹೀಟರ್ 28 ಡಿಗ್ರಿಗೆ ಇಟ್ಟೆ. ಸ್ಪಾಂಜ್ ಫಿಲ್ಟರ್ ನಿಧಾನಕ್ಕೆ ಓಡುತ್ತಿತ್ತು. ಹಳೆ ಮೀನುಗಳಿದ್ದ ದೊಡ್ಡ ಟ್ಯಾಂಕಿನಿಂದ ಒಂದು ಹಿಡಿ ವಾಟರ್ ಸ್ಪ್ರೈಟ್ ಗಿಡ ತಂದು ತೇಲಿಬಿಟ್ಟೆ. ಒಂಬತ್ತನೇ ದಿನ ಬೆಳಗ್ಗೆ ನೋಡಿದರೆ ಮೂಲೆಯಲ್ಲಿ ಬಿಸ್ಕತ್ತಿನಷ್ಟು ಅಗಲದ ನೊರೆ ಗೂಡು! ಬೆಟ್ಟಾ ಮೀನಿನ ಗೂಡಿನ ಹಾಗೆ ಬರೀ ಗುಳ್ಳೆಯಲ್ಲ. ಗಂಡು ಎಲೆಯ ತುದಿಯನ್ನು ಬಾಯಲ್ಲಿ ಕಿತ್ತು, ಗುಳ್ಳೆಗಳ ನಡುವೆ ಸಿಕ್ಕಿಸಿ, ಹಿಂದೆ ಸರಿದು ನೋಡಿ, ಮತ್ತೆ ಬಂದು ಸರಿಮಾಡುತ್ತಿತ್ತು. ಮಗಳು ಸ್ಕೂಲಿಗೆ ಹೊರಡುವುದನ್ನೂ ಮರೆತು ನೋಡುತ್ತಾ ನಿಂತಿದ್ದಳು.

ಹನ್ನೆರಡನೇ ದಿನ ಮೊಟ್ಟೆ ಇಟ್ಟವು. ಗಂಡು ಹೆಣ್ಣನ್ನು ಗಟ್ಟಿಯಾಗಿ ಓಡಿಸಲು ಶುರುಮಾಡಿತು. ಮೊಟ್ಟೆ ಆದ ಮೇಲೆ ಹೆಣ್ಣನ್ನು ತೆಗೆಯದಿದ್ದರೆ ಕಚ್ಚಿ ಸಾಯಿಸುತ್ತದೆ, ಇದು ಎಲ್ಲರೂ ಹೇಳುವ ಮಾತು. ಸರಿ, ತೆಗೆದೆ. ತೆಗೆದು ಎಲ್ಲಿ ಬಿಟ್ಟೆ? ದೊಡ್ಡ ಟ್ಯಾಂಕಿನಲ್ಲಿ. ಒಂದೇ ದಿನದಲ್ಲಿ ಮೊಟ್ಟೆ ಒಡೆದು, ಇನ್ನೆರಡು ಮೂರು ದಿನಕ್ಕೆ ಮರಿಗಳು ಈಜಾಡಿದವು. ಈಗ ಗಂಡನ್ನು ತೆಗೆಯದಿದ್ದರೆ ಮರಿಗಳನ್ನು ತಿನ್ನುತ್ತದೆ. ಅದನ್ನೂ ತೆಗೆದು ಅಲ್ಲಿಗೇ ಬಿಟ್ಟೆ. ಮನೆಗೆ ಬಂದು ಮೂರು ವಾರವೂ ಆಗಿರದ ಮೀನುಗಳನ್ನು ನನ್ನ ಹಳೆ ಮೀನುಗಳ ಜೊತೆ ಸೇರಿಸಿದೆ. ನನ್ನ ದೊಡ್ಡ ತಪ್ಪು ಇದು.

ಇನ್ನೊಂದು ವಿಷಯ ಗಮನಿಸಿ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಗೂಡು ಕಾಯುವಾಗ ಗಂಡು ಸರಿಯಾಗಿ ತಿನ್ನುವುದಿಲ್ಲ, ಸೊರಗುತ್ತದೆ. ಬಾಲದ ಕಡೆಯಿಂದ ನೀಲಿ ಬಣ್ಣ ಮಾಸಿ ಬೂದಿಯ ಹಾಗೆ ಆಗಿದ್ದನ್ನು ನಾನು ನೋಡಿದ್ದೆ. ಪಾಪ, ಮರಿ ಕಾದು ಸುಸ್ತಾಗಿದೆ, ನಾಲ್ಕು ದಿನ ಚೆನ್ನಾಗಿ ತಿಂದರೆ ಸರಿಹೋಗುತ್ತೆ ಅಂದುಕೊಂಡೆ. ಕಾಯಿಲೆಯ ಮೊದಲ ಲಕ್ಷಣವೂ ಥೇಟ್ ಹೀಗೇ ಇರುತ್ತದೆ: ಬಣ್ಣ ಮಾಸುವುದು, ತಿನ್ನದಿರುವುದು, ಮೂಲೆ ಹಿಡಿಯುವುದು. ಮರಿ ಮಾಡುವ ಸಮಯದಲ್ಲಿ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ನಾಲ್ಕೈದು ದಿನದಲ್ಲಿ ಗಂಡಿನ ಹೊಟ್ಟೆ ಊದಿತು. ಬಾಲದ ಬುಡದಲ್ಲಿ ಅಕ್ಕಿಕಾಳಿನಷ್ಟು ಹುಣ್ಣು, ಸುತ್ತ ಕೆಂಪು ಗೆರೆ. ಎಲೆಯ ಮೇಲೆ ಒರಗಿ ಮಲಗಿರುತ್ತಿತ್ತು. ಗಾಳಿಗೆ ಮೇಲೆ ಬರುವುದು, ಒಂದು ಗುಟುಕು ತೆಗೆದುಕೊಂಡು ಕೈಬಿಟ್ಟ ಹಾಗೆ ಕೆಳಗಿಳಿಯುವುದು. ಅಂಗಡಿಯವರು ಹಳದಿ ಪುಡಿ ಕೊಟ್ಟರು, ಆಂಟಿಬಯಾಟಿಕ್ ಅಂತೆ. ಕಲ್ಲುಪ್ಪೂ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ಒಂದು ವಾರದಲ್ಲಿ ಗಂಡು ಹೋಯಿತು. ಅದರ ಹಿಂದೆಯೇ ಹೆಣ್ಣು. ಸಂಕ್ರಾಂತಿ ಹೊತ್ತಿಗೆ ಎರಡೂ ಪರ್ಲ್ ಗೌರಾಮಿಗಳು. ಅದೇ ನೀರಿನಲ್ಲಿದ್ದ ನಿಯಾನ್ ಟೆಟ್ರಾಗಳಿಗೆ ಏನೂ ಆಗಲಿಲ್ಲ.

ಆಮೇಲೆ ಕೂತು ಓದಿದೆ. ಈ ಜಾತಿಗೆ ಬರುವ ಒಂದು ಇರಿಡೋವೈರಸ್ ಇದೆ, ಡ್ವಾರ್ಫ್ ಗೌರಾಮಿ ಇರಿಡೋವೈರಸ್ ಎಂದೇ ಅದರ ಹೆಸರು. ಅದಕ್ಕೆ ಔಷಧಿ ಇಲ್ಲ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗೆ ಕೆಲಸ ಮಾಡುತ್ತದೆ, ವೈರಸ್ಸಿಗೆ ಅಲ್ಲ. 2003ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮರ್ರೆ ಕಾಡ್ ಎಂಬ ಮೀನಿನ ಸಾಕಣೆ ಕೇಂದ್ರದಲ್ಲಿ ಮೀನುಗಳು ರಾಶಿ ರಾಶಿ ಸತ್ತಾಗ, ಅಲ್ಲಿನ ವೈರಸ್ಸಿಗೂ ಗೌರಾಮಿಗಳ ವೈರಸ್ಸಿಗೂ ನಂಟು ಕಂಡುಬಂತು. ಸಿಡ್ನಿಯ ಅಂಗಡಿಗಳಲ್ಲಿ ಕಾಯಿಲೆ ಬಿದ್ದಿದ್ದ ಗೌರಾಮಿಗಳನ್ನು ಪರೀಕ್ಷಿಸಿದಾಗ ಶೇ. 22ರಷ್ಟರಲ್ಲಿ ಅದು ಸಿಕ್ಕಿತ್ತು. ಬೇಜಾರಿನ ಸಂಗತಿ ಅಂದರೆ ಈ ಮೀನು ನಮ್ಮ ದೇಶದ್ದೇ, ಗಂಗಾ ಬ್ರಹ್ಮಪುತ್ರ ಬಯಲಿನ ಕೆರೆ ಕಾಲುವೆಗಳದ್ದು. ಬಣ್ಣಕ್ಕೋಸ್ಕರ ಫಾರ್ಮುಗಳಲ್ಲಿ ಇಕ್ಕಟ್ಟಾಗಿ ಬೆಳೆಸಿ ಅದಕ್ಕೆ ಈ ಗತಿ ತಂದಿದ್ದೇವೆ.

ನನ್ನ ಮೀನಿಗೆ ಬಂದಿದ್ದು ಇದೇನಾ ಅಂತ ಖಚಿತ ಮಾಡೋಕೆ ಲ್ಯಾಬಿನಲ್ಲಿ ಪಿಸಿಆರ್ ಪರೀಕ್ಷೆ ಆಗಬೇಕಿತ್ತು. ನಾನು ಮಾಡಿಸಲಿಲ್ಲ. ಮೀನಿನ ಟಿಬಿ ಬಂದರೂ ಹೀಗೇ ಸೊರಗಿ ಹುಣ್ಣಾಗುತ್ತದೆ. ಅದು ಕೈಯಲ್ಲಿ ಗಾಯ ಇದ್ದರೆ ಮನುಷ್ಯರ ಚರ್ಮಕ್ಕೂ ಬರುತ್ತದೆ. ಕೈಗೆ ಕೊಯ್ದುಕೊಂಡಿದ್ದರೆ ದಯವಿಟ್ಟು ಟ್ಯಾಂಕಿಗೆ ಕೈ ಹಾಕಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ನಿನ್ನೆ ಬಂದ ಮಾಲು ಅಂದರೆ ವಾಪಸ್ ಬನ್ನಿ, ಎರಡು ವಾರ ಬಿಟ್ಟು ಹೋಗಿ ನೋಡಿ. ನೀವು ಆರಿಸಿದ ಮೀನನ್ನಷ್ಟೇ ಅಲ್ಲ, ಆ ತೊಟ್ಟಿಯ ಎಲ್ಲ ಮೀನನ್ನೂ ನೋಡಿ. ಒಂದು ಮಂಕಾಗಿದ್ದರೂ ಬೇಡ. ನಿಮ್ಮೆದುರಿಗೇ ಆಹಾರ ಹಾಕಿಸಿ, ಓಡಿಬಂದು ತಿನ್ನಬೇಕು. ಮನೆಗೆ ತಂದ ಮೇಲೆ ಕನಿಷ್ಠ ಆರು ವಾರ ಬೇರೆ ಇಡಿ. ಟ್ಯಾಂಕ್ ಬೇರೆ ಇದ್ದರೆ ಸಾಲದು, ಬಲೆ ಬೇರೆ, ನೀರೆಳೆಯುವ ಪೈಪು ಬೇರೆ ಇರಬೇಕು. ಮೊದಲು ಹಳೆ ಮೀನಿನ ಕೆಲಸ ಮುಗಿಸಿ, ಆಮೇಲೆ ಹೊಸದಕ್ಕೆ ಕೈ ಹಾಕಿ. ಆ ಆರು ವಾರದಲ್ಲಿ ನೀರಿನ ಮಟ್ಟ ಇಳಿಸಿ, ಬಿಸಿ ಏರಿಸಿ ಮರಿ ಮಾಡಲು ಹುರಿದುಂಬಿಸಬೇಡಿ. ಮರಿ ಮಾಡಿಸುವ ಮುಂಚೆ ಹೆಣ್ಣಿಗೊಂದು, ಗಂಡಿಗೊಂದು ಜಾಗ ರೆಡಿ ಇರಲಿ. ಹೀಟರ್ ಇರುವ ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬ ಆದರೂ ಸಾಕಿತ್ತು, ನನ್ನ ಪರ್ಲ್‌ಗಳು ಉಳಿಯುತ್ತಿದ್ದವು.

ಮರಿಗಳ ಕಥೆ ಹೇಳಲಿಲ್ಲ ಅಲ್ವಾ. ಮೊದಲ ವಾರ ಅವಕ್ಕೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿ ಮರಿ ಕೂಡ ದೊಡ್ಡದು, ಇನ್ಫ್ಯುಸೋರಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಜೀವಿಗಳು ಬೇಕು. ಅದನ್ನು ನಾನು ಮೊದಲೇ ಬೆಳೆಸಿಟ್ಟಿರಲಿಲ್ಲ. ಅಲ್ಲೇ ಅರ್ಧಕ್ಕರ್ಧ ಹೋದವು. ಗಾಳಿ ಕುಡಿಯುವ ಅಂಗ ಬೆಳೆಯುವ ಹೊತ್ತಿಗೆ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರಬೇಕು, ಮುಚ್ಚಳ ಬಿಗಿಯಾಗಿರಬೇಕು. ಡಿಸೆಂಬರ್ ಚಳಿಯಲ್ಲಿ ನಾನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ. ಉಳಿದವುಗಳಲ್ಲೂ ಬಹಳಷ್ಟು ಹೋದವು.

ಈಗ ಹನ್ನೊಂದು ಇವೆ, ಒಂದೊಂದೂ ಕಡಲೆಬೀಜದಷ್ಟಾಗಿವೆ. ನೋಡೋಕೆ ಚುರುಕಾಗೇ ಇವೆ. ಮಗಳ ಸ್ನೇಹಿತೆ ಭಾನುವಾರ ಬಂದಿದ್ದಳು. "ಅಂಕಲ್, ನನಗೆ ಎರಡು ಮರಿ ಕೊಡ್ತೀರಾ?" ಅಂತ ಕೇಳಿದಳು. ಅವರ ಮನೆಯಲ್ಲೂ ಒಂದು ಜೋಡಿ ಗೌರಾಮಿ ಇದೆ. ಕೊಡಲ್ಲ ಕಂದ, ಯಾಕೆ ಅಂತ ಹೇಳ್ತೀನಿ ಕೂತ್ಕೋ ಅಂದೆ. ಈ ಹನ್ನೊಂದೂ ಕೊನೆಯವರೆಗೆ ನಮ್ಮನೆಯಲ್ಲೇ ಇರುತ್ತವೆ.